ಕರಟದ ನೀರು

ಬೇಲೂರು, ಹಳೇಬೀಡುಗಳಿಗೆ ಬರುವವರು ಹೊಯ್ಸಳರ ಶಿಲ್ಪವನ್ನು ಕಂಡು ಬೆರಗಾಗುತ್ತಾರೆ. ಅದೇ ಹಾದಿಯಲ್ಲಿ ಚೀಲವನ್ನು ಹೆಗಲಿಗೇರಿಸಿ ಮನೆಯಿಂದ ಮನೆಗೆ ನಡೆಯುವ ದಾದಿಯನ್ನು ಗಮನಿಸುವವರು ವಿರಳ. ಬಯಲುಸೀಮೆಯಲ್ಲಿ 5000, ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದರಂತೆ ಆರೋಗ್ಯ ಉಪಕೇಂದ್ರವಿರಬೇಕೆಂಬುದು ನಿಯಮ. ಅಷ್ಟೂ ಜನರ ಮನೆಬಾಗಿಲಿಗೆ ಆಕೆ ಹೋಗಬೇಕು.

ಅದೇ ಜಿಲ್ಲೆಯ ಅರಸೀಕೆರೆಯ ಕಡೆಗೆ ನೋಡೋಣ. ತೆಂಗು ಆ ಸೀಮೆಯ ಸಂಪತ್ತು. ನೀರಿನ ಅಭಾವ ಅದರ ಸಂಕಟ. ವಿಚಿತ್ರವೆಂದರೆ, ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಎರಡೂ ಅನುಕೂಲವೇ. ಚರಂಡಿಯ ಕೊಳಕಿಗಿಂತ ತಿಳಿನೀರೇ ಅದಕ್ಕೆ ಪ್ರಿಯ. ಅಭಾವಕ್ಕೆ ಅಂಜಿ ತುಂಬಿಟ್ಟ ತೊಟ್ಟಿಯಲ್ಲಿಯೂ, ಮಳೆನೀರು ನಿಂತ ಕರಟದಲ್ಲಿಯೂ ಅದು ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದುದರಿಂದಲೇ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಒಳಗೋಡೆಯನ್ನು ಉಜ್ಜಿ, ಒಣಗಿಸಬೇಕೆಂದು ದಾದಿ ಹೇಳುವುದು. ಉಜ್ಜದಿದ್ದರೆ, ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯದು. ನೀರು ತಾಗಿದೊಡನೆ ಮರಿಯಾಗುತ್ತದೆ.

ಆದರೆ ನಲ್ಲಿಯ ನೀರು ಅಪರೂಪವಾದೆಡೆ ಗೃಹಿಣಿ ತುಂಬಿದ ತೊಟ್ಟಿಯನ್ನು ಹೇಗೆ ಚೆಲ್ಲಿಯಾಳು? “ಚೆಲ್ಲಿದರೆ ಮತ್ತೆ ನೀರು ಯಾರು ತಂದುಕೊಡುತ್ತಾರೆ, ನರ್ಸಮ್ಮ?” ಎಂಬ ಮಾತು ಉದ್ಧಟತನವಲ್ಲ, ಅದರಲ್ಲಿ ನ್ಯಾಯವಿದೆ. ಅನುಭವವುಳ್ಳ ದಾದಿ ಆಗ ವಾದಕ್ಕಿಳಿಯಳು. ನೀರು ತಳ ಕಂಡ ದಿನ ತಪ್ಪದೆ ಉಜ್ಜಿರೆಂದು ಹೇಳುತ್ತಾಳೆ. ಮಿಕ್ಕ ದಿನಗಳಲ್ಲಿ ತೊಟ್ಟಿಯ ಬಾಯಿಗೆ ಸಂದಿಯಿಲ್ಲದಂತೆ ಬಟ್ಟೆ ಕಟ್ಟುವುದನ್ನು ಮಾಡಿ ತೋರಿಸುತ್ತಾಳೆ. ಹೊರಡುವ ಮುನ್ನ ಅಂಗಳದ ಕರಟಗಳನ್ನು ತಾನೇ ಬಗ್ಗಿ ಬೋರಲು ಹಾಕುತ್ತಾಳೆ.