ಆರಿಸದೆ ಕೊಂಡದ್ದರ ಲೆಕ್ಕ

ಪತ್ರಿಕೆಗೆ ಚಂದಾ ಕಟ್ಟುವುದು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ನಡೆದುಬಂದ ಪದ್ಧತಿ. ಆದರೆ ಕ್ರೀಮು, ಕಾಡಿಗೆ, ಲಿಪ್‌ಸ್ಟಿಕ್ಕುಗಳಿಗೂ ಚಂದಾ ಕಟ್ಟಬಹುದೆಂಬುದನ್ನು ನಾನು ಅರಿತದ್ದು, ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಪರರ ಲೆಕ್ಕಪತ್ರಗಳನ್ನು ತಾಳೆ ನೋಡಿ ನಿವೃತ್ತಳಾಗಿ, ಬನಶಂಕರಿ ಎರಡನೆಯ ಹಂತದ ಈ ಮನೆಯಲ್ಲಿ ಕೊಂಚ ಬಿಡುವನ್ನು ಕಂಡ ಮೇಲೆ. ಆರು ತಿಂಗಳಿಗೆ 3,000 ರೂಪಾಯಿಗಳನ್ನು ಮುಂಗಡವಾಗಿ ಕಟ್ಟಿದರೆ ತಿಂಗಳಿಗೊಂದು ಪೆಟ್ಟಿಗೆ ಮನೆಬಾಗಿಲಿಗೆ ಬರುವುದೆಂದೂ, ಒಳಗೇನಿದೆಯೆಂಬುದು ತೆರೆಯುವ ತನಕ ತಿಳಿಯದೆಂದೂ, ಇರುವ ವಸ್ತುಗಳ ಬೆಲೆ ಮಾತ್ರ ಕೊಟ್ಟ ಹಣದ ಮೂರು ಪಾಲಿಗೆ ಕಡಮೆಯಾಗದೆಂದೂ ಒಂದು ಸಂಸ್ಥೆಯವರು ಬರೆದಿದ್ದರು. ನವರಾತ್ರಿಯ ಹೊತ್ತಿಗೆ ಹಣ ಕಟ್ಟಿದೆ.

ಈ ವ್ಯಾಪಾರಕ್ಕೆ ದೀರ್ಘ ಚರಿತ್ರೆಯೇನೂ ಇಲ್ಲ. 2010ರಲ್ಲಿ ನ್ಯೂಯಾರ್ಕಿನ ಬರ್ಚ್‌ಬಾಕ್ಸ್ ಎಂಬ ಸಂಸ್ಥೆ ತಿಂಗಳಿಗೆ 10 ಡಾಲರಿನಂತೆ ಪ್ರಸಾಧನಗಳ ಮಾದರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಲಾರಂಭಿಸಿತು. 2012ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಫ್ಯಾಬ್ ಬ್ಯಾಗ್ ಸಹ ಇದೇ ಮಾರ್ಗವನ್ನು ಹಿಡಿಯಿತು, ಅದನ್ನು ಕಟ್ಟಿದವರೇ ಮುಂದೆ ಶುಗರ್ ಎಂಬ ಹೆಸರಿನಲ್ಲಿ ತಮ್ಮದೇ ಪ್ರಸಾಧನಗಳನ್ನು ಮಾರುಕಟ್ಟೆಗೆ ತಂದರು. ತಯಾರಕರು ಪ್ರಚಾರಾರ್ಥವಾಗಿ ಉಚಿತವಾಗಿಯೋ ಅಲ್ಪ ಬೆಲೆಗೋ ಕೊಡುವ ಮಾದರಿಗಳಿಗೆ ಗ್ರಾಹಕರಿಂದ ಶುಲ್ಕವನ್ನು ಪಡೆಯುವುದೇ ಈ ವ್ಯವಸ್ಥೆಯ ಮೂಲತತ್ತ್ವ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಜಾಹೀರಾತನ್ನು ನೋಡುವುದಕ್ಕೆ ಹಣ ಕೊಡುತ್ತಿರುವೆನೆಂಬ ಅರಿವು ಕೊಡುವವಳಿಗೆ ಇರಬೇಕು. ನನಗೆ ಅದು ಇರಲಿಲ್ಲ.

ಯುಗಾದಿಯ ದಿನ, ಕದಿರೇನಹಳ್ಳಿಯಿಂದ ಬಂದು ಹನ್ನೆರಡು ವರ್ಷಗಳಿಂದ ನಮ್ಮ ಮನೆಗೆಲಸವನ್ನು ನಡೆಸಿಕೊಡುತ್ತಿರುವ ಹೆಂಗಸಿಗೆ, ಸೀರೆಯ ಜೊತೆಗೆ ಆ ಪೆಟ್ಟಿಗೆಗಳಿಂದ ನಾಲ್ಕು ವಸ್ತುಗಳನ್ನು ತೆಗೆದುಕೊಟ್ಟೆ. ವಾರದೊಳಗೆ ಆಕೆಯ ಎರಡು ಕೆನ್ನೆಗಳ ಮೇಲೂ ಕೆಂಪು ದದ್ದುಗಳೆದ್ದುವು. ಸೆರಗಿನಿಂದ ಮುಖವನ್ನು ಅರ್ಧ ಮುಚ್ಚಿಕೊಂಡು ಬಾಗಿಲಲ್ಲಿ ನಿಂತು, “ಅಮ್ಮಾ, ಆ ಕ್ರೀಮು ಹಚ್ಚಿದ್ಮೇಲೆ ಉರಿ ತಡೆಯೋಕಾಗ್ತಿಲ್ಲ. ನೀವು ಕೊಟ್ಟಿದ್ದಲ್ವಾ ಅಂತ ನಂಬಿ ಹಚ್ಕೊಂಡೆ” ಎಂದಳು. ಚರ್ಮದ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಔಷಧಿ ಸಹಿತ 850 ರೂಪಾಯಿ ಆಯಿತು, ಹದಿನೈದು ದಿನಗಳಲ್ಲಿ ಗುಣವೂ ಆಯಿತು. ಆಕೆ ನನ್ನನ್ನು ನಂಬಿದ್ದಳು, ನಾನು ಪೆಟ್ಟಿಗೆಯನ್ನು ನಂಬಿದ್ದೆ, ಪೆಟ್ಟಿಗೆಯವರು ಯಾರನ್ನು ನಂಬಿದ್ದರೋ! ಹೀಗೆ ಕೈಯಿಂದ ಕೈಗೆ ದಾಟಿಬಂದ ವಿಶ್ವಾಸದಲ್ಲಿ ಒಬ್ಬರಾದರೂ ಆ ಡಬ್ಬಿಯನ್ನು ತಿರುಗಿಸಿ ನೋಡಿರಲಿಲ್ಲವೆಂಬುದು ಅಂದು ರಾತ್ರಿ ನನಗೆ ನಿದ್ರೆ ಬಾರದಂತೆ ಮಾಡಿತು.

ಮರುದಿನ ಆಕೆಯಿಂದ ಹಿಂದಕ್ಕೆ ಪಡೆದ ಆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದೆ. 15 ಗ್ರಾಂ ತೂಕದ, ಮುತ್ತಿನ ಬಣ್ಣದ ಸುಂದರವಾದ ಡಬ್ಬಿ. ತಳದಲ್ಲಿ ನಾನು ಓದಲಾರದ ಯಾವುದೋ ಪರದೇಶದ ಲಿಪಿ, ಅಳಿಸಿಹೋದಂತಿದ್ದ ಒಂದು ಸಂಖ್ಯೆ. ಆಮದು ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ, ಹೊರದೇಶದಿಂದ ತಂದು ಮಾರುವ ಪ್ರಸಾಧನಕ್ಕೆ ಕೇಂದ್ರದ ಔಷಧ ನಿಯಂತ್ರಣ ಇಲಾಖೆಯಲ್ಲಿ ನೋಂದಣಿಯಾಗಿರಬೇಕು, ಆ ನೋಂದಣಿಯ ಸಂಖ್ಯೆಯೂ ಆಮದುದಾರರ ಹೆಸರು ವಿಳಾಸಗಳೂ ಲೇಬಲ್ಲಿನ ಮೇಲೆ ಇರಬೇಕು. ಇಲ್ಲಿಯೇ ತಯಾರಾದುದಾದರೆ ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು. ಆದರೆ ಅದೇ ನಿಯಮಗಳಲ್ಲಿ ಒಂದು ವಿನಾಯಿತಿಯಿದೆ: 60 ಮಿಲಿಲೀಟರಿಗಿಂತ ಕಡಮೆಯ ದ್ರವಕ್ಕೂ 30 ಗ್ರಾಮಿಗಿಂತ ಕಡಮೆಯ ಘನಪದಾರ್ಥಕ್ಕೂ ಒಳಗಿರುವ ದ್ರವ್ಯಗಳ ಪಟ್ಟಿಯನ್ನು ಮುದ್ರಿಸಲೇಬೇಕೆಂಬ ಕಡ್ಡಾಯವಿಲ್ಲ. ಪೆಟ್ಟಿಗೆಗಳಲ್ಲಿ ಬರುವುದು ಬಹುಪಾಲು ಇಂಥ ಪುಟ್ಟ ಪುಟ್ಟ ಮಾದರಿಗಳೇ ಆದಕಾರಣ, ಯಾವುದು ತನ್ನ ಚರ್ಮಕ್ಕೆ ಆಗದೋ ಅದನ್ನು ಮೊದಲೇ ತಿಳಿಯುವ ಮಾರ್ಗ ಗ್ರಾಹಕಳಿಗೆ ಅಲ್ಲಿಯೇ ಮುಚ್ಚಿಹೋಗಬಹುದು.

ಆ ಭಾನುವಾರ ಊಟದ ಮೇಜಿನ ಮೇಲೆ ಆರು ಪೆಟ್ಟಿಗೆಗಳಲ್ಲಿ ಬಂದಿದ್ದ 28 ವಸ್ತುಗಳನ್ನೂ ಸಾಲಾಗಿರಿಸಿ, ಒಂದೊಂದರ ಮೂಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಮೂರು ಬೇರೆ ಬೇರೆ ಹೆಸರಿನ ಲೇಪನಗಳ ಮೇಲೆ ತಯಾರಕರ ವಿಳಾಸ ಒಂದೇ ಆಗಿತ್ತು, ಹಿಮಾಚಲ ಪ್ರದೇಶದ ಬದ್ದಿ. ಮೊದಲು ಇದನ್ನು ವಂಚನೆಯೆಂದೇ ಎಣಿಸಿದೆ; ವಿಚಾರಿಸಿದ ಮೇಲೆ ಹಾಗಲ್ಲವೆಂದು ತಿಳಿಯಿತು. ಹೆಸರು ಒಬ್ಬರದು, ತಯಾರಿಕೆ ಮತ್ತೊಬ್ಬರದು ಎಂಬುದು ಈ ಉದ್ಯಮದಲ್ಲಿ ಲೋಕರೂಢಿ. ಇಟಲಿಯ ಇಂಟರ್‌ಕಾಸ್, ಕೊರಿಯದ ಕಾಸ್‌ಮ್ಯಾಕ್ಸ್ ಮೊದಲಾದ ಕಾರ್ಖಾನೆಗಳು ಜಗತ್ಪ್ರಸಿದ್ಧ ಹೆಸರುಗಳಿಗೂ ಹೀಗೆಯೇ ಮಾಡಿಕೊಡುತ್ತವೆ. ಆದುದರಿಂದ ಲೇಬಲ್ಲಿನಲ್ಲಿ ಮಾರುವವರ ಹೆಸರನ್ನು ಮಾತ್ರ ಓದಿ ನಿಲ್ಲಿಸದೆ, ತಯಾರಿಸಿದವರು ಯಾರೆಂಬ ಸಾಲಿನವರೆಗೂ ಕಣ್ಣು ಇಳಿಯಬೇಕು.

ಅದಕ್ಕೂ ಹಿಂದಿನ ಮೂಲ ಇನ್ನೂ ದೂರದ್ದು. ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣದಲ್ಲಿ ಮಿನುಗುವುದು ಅನೇಕ ವೇಳೆ ಅಭ್ರಕ; ಪಟ್ಟಿಯಿದ್ದರೆ ‘ಮೈಕಾ’ ಎಂದೋ ‘ಸಿ.ಐ. 77019’ ಎಂದೋ ಅದನ್ನು ಕಾಣಬಹುದು. ಜಾರ್ಖಂಡಿನ ಕೋಡರ್ಮಾ, ಗಿರಿಡೀಹ್ ಜಿಲ್ಲೆಗಳ ಗುಡ್ಡಗಳಲ್ಲಿ ಅಭ್ರಕದ ಚೂರುಗಳನ್ನು ಮಕ್ಕಳು ಹೆಕ್ಕುತ್ತಿರುವ ಸಂಗತಿ ಲೋಕಕ್ಕೆ ತಿಳಿದದ್ದೇ. ಪೆಟ್ಟಿಗೆಯ ಸೊಬಗಿನಲ್ಲಿ ಆ ಗುಡ್ಡ ಕಾಣದು. ಯಾವ ಲೇಬಲ್ಲೂ ಅಷ್ಟು ದೂರ ನಮ್ಮನ್ನು ಕರೆದೊಯ್ಯದು. ಆದರೆ ಮೂಲವನ್ನು ಅರಿತು ಬಳಸುವುದು ನಮಗೆ ಹೊಸದಲ್ಲ: ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ 1916ರಲ್ಲಿ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆಯನ್ನೂ, ಬಳಿಕ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನೂ ತೆರೆದ ನಾಡಿನವರು ನಾವು. ಕಾಡು ಯಾವುದು, ಕಾರ್ಖಾನೆ ಯಾವುದು ಎಂದು ಗೊತ್ತಿರುವ ಸಾಬೂನಿನಿಂದ ಮೈ ತೊಳೆದು ಬೆಳೆದ ನನಗೆ, ಮೂಲ ತಿಳಿಯದ ಲೇಪನವನ್ನು ಇನ್ನೊಬ್ಬರ ಮುಖಕ್ಕೆ ಕೊಟ್ಟೆನೆಂಬುದು ಸಣ್ಣ ನೋವಲ್ಲ.

ಇನ್ನು ಹಣದ ಮಾತು. ಪೆಟ್ಟಿಗೆಗಳೊಡನೆ ಬಂದ ಚೀಟಿಗಳ ಪ್ರಕಾರ ಒಟ್ಟು ಬೆಲೆ 9,400 ರೂಪಾಯಿ. ಆದರೆ ಗರಿಷ್ಠ ಮಾರಾಟ ಬೆಲೆ ಎಂಬುದನ್ನು ಗೊತ್ತುಮಾಡುವವರು ತಯಾರಕರೇ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂದು ಕಾನೂನು ಹೇಳುವುದೇ ಹೊರತು, ಆ ವಸ್ತು ಅಷ್ಟು ಬೆಲೆ ಬಾಳುವುದೆಂದು ಹೇಳುವುದಿಲ್ಲ. 899 ಎಂದು ಮುದ್ರಿಸಿದ್ದ ಲಿಪ್‌ಸ್ಟಿಕ್ಕು ಬೇರೆ ಕಡೆ 249ಕ್ಕೆ ದೊರೆಯುತ್ತಿತ್ತು. 28ರಲ್ಲಿ ಮುಗಿಯುವ ತನಕ ಬಳಸಿದ್ದು ಏಳು, ಒಮ್ಮೆ ಹಚ್ಚಿ ಬಿಟ್ಟದ್ದು ಐದು, ಕೊಟ್ಟದ್ದು ನಾಲ್ಕು, ತೆರೆಯದೆ ಉಳಿದದ್ದು ಹನ್ನೆರಡು. ಬಳಸಿದ ಏಳರಲ್ಲಿ, ಪೆಟ್ಟಿಗೆ ಬಾರದಿದ್ದರೂ ನಾನು ಅಂಗಡಿಗೆ ಹೋಗಿ ಕೊಳ್ಳುತ್ತಿದ್ದವು ನಾಲ್ಕೇ. ಅಂಗಡಿಯ ದರದಲ್ಲಿ ಅವುಗಳ ಬೆಲೆ 820 ರೂಪಾಯಿ. 3,000ದಲ್ಲಿ 820 ಕಳೆದರೆ ಉಳಿಯುವ 2,180 ನನ್ನ ನಷ್ಟ. ವೈದ್ಯರಿಗೆ ಕೊಟ್ಟ 850ನ್ನೂ ಅದೇ ಪುಟದಲ್ಲಿ ಬರೆದಿದ್ದೇನೆ. ನಾವು ಆರಿಸದ ವಸ್ತುವಿಗೆ ಪರರು ಹೇಳಿದ ಬೆಲೆಯನ್ನು ನಮ್ಮ ಲಾಭವೆಂದು ಎಣಿಸಬಾರದು. ಇಷ್ಟನ್ನು ಕಲಿಯುವುದಕ್ಕೆ ಆರು ಪೆಟ್ಟಿಗೆಗಳು ಬೇಕಾದುವು.

ಚಂದಾ ಕಟ್ಟುವ ಆಸೆಯುಳ್ಳವರಿಗೆ ನನ್ನ ವಿನಂತಿಯಿಷ್ಟು: ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ ನೋಡಿರಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ 24 ಗಂಟೆ ಮೊದಲು ಬರುವ ಸೂಚನೆಯನ್ನು ಓದದೆ ಅಳಿಸಬೇಡಿರಿ. ಬ್ಯಾಂಕಿನ ಮೂಲಕವೇ ಅದನ್ನು ರದ್ದುಮಾಡಬಹುದು. ಸೇರುವುದು ಸುಲಭ, ಬಿಡುವುದು ದುಸ್ತರ ಎಂಬಂತೆ ಚಂದಾ ಬಲೆಯನ್ನು ಹೆಣೆಯುವುದನ್ನು ಗ್ರಾಹಕ ರಕ್ಷಣೆಗಾಗಿ ಕೇಂದ್ರದವರು ಹೊರಡಿಸಿದ 2023ರ ನವೆಂಬರಿನ ಮಾರ್ಗಸೂಚಿಗಳು ನಿಷೇಧಿಸಿವೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯಿದೆ.

ಗೌರಿಹಬ್ಬದ ಮೊದಲು ಗಾಂಧಿಬಜಾರಿಗೆ ಹೋಗಿ, ಬಾಗಿನಕ್ಕೆ ಬೇಕಾದುದೆಲ್ಲವನ್ನೂ, ಬಳೆ, ಬಾಚಣಿಗೆ, ಕಾಡಿಗೆಗಳನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು ಆರಿಸಿ ತಂದೆ. ಸಿದ್ಧವಾಗಿ ಕಟ್ಟಿಟ್ಟ ಸೆಟ್ಟು ಅಲ್ಲಿಯೂ ಅಗ್ಗವಾಗಿ ದೊರೆಯುತ್ತಿತ್ತು. ಕೊಳ್ಳುವವರಾಗಲಿ ಪಡೆಯುವವರಾಗಲಿ ಬಳಸುವುದಿಲ್ಲವೆಂದು ತಿಳಿದೇ ಮಾಡಿದ ವಸ್ತುಗಳವು. ಹಬ್ಬದ ಸಂಜೆ ಮನೆಗೆಲಸದಾಕೆಗೆ ಕಾಡಿಗೆಯ ಡಬ್ಬಿಯನ್ನು ಕೊಟ್ಟಾಗ, ಆಕೆ ಅದನ್ನು ಕಣ್ಣಿಗೊತ್ತಿಕೊಂಡು, ಬಳಿಕ ಮೆಲ್ಲನೆ ತಿರುಗಿಸಿ ತಳವನ್ನು ನೋಡಿ, “ಇದ್ರಲ್ಲಿ ಡೇಟು ಎಲ್ಲಿದೆ ಅಮ್ಮಾ?” ಎಂದಳು. ಕನ್ನಡಕವನ್ನು ತಂದು, ದೀಪದ ಬಳಿ ಆಕೆಯ ಪಕ್ಕದಲ್ಲಿ ಕುಳಿತು, ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದೆ.