ಸ್ಟ್ರೂವೈಟ್ ಎಂಬ ಕಲ್ಲು

ಕಲ್ಲುಗಳೆಲ್ಲವೂ ಬೆಂಕಿಯಿಂದಲೋ ನೀರಿನಿಂದಲೋ ಆದವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಜೀವಿಗಳ ಮಲಮೂತ್ರದಿಂದ ಹುಟ್ಟುವ ಕಲ್ಲೂ ಒಂದುಂಟು.

ಜರ್ಮನಿ ದೇಶದ ಹ್ಯಾಂಬರ್ಗ್ ಪಟ್ಟಣದಲ್ಲಿ ಸಂತ ನಿಕೊಲಾಸನ ದೇವಾಲಯವು 1842ರ ಮಹಾಗ್ನಿಯಲ್ಲಿ ಬೆಂದುಹೋಯಿತು. 1845ರಲ್ಲಿ ಹೊಸ ದೇವಾಲಯಕ್ಕೆ ಅಸ್ತಿವಾರ ತೋಡುವಾಗ, ಹಳೆಯ ಗೊಬ್ಬರವು ಬೆರೆತಿದ್ದ ಮಣ್ಣಿನಲ್ಲಿ ಹರಳುಗಳು ದೊರೆತವು. ಉಲೆಕ್ಸ್ ಎಂಬ ರಸಾಯನಶಾಸ್ತ್ರಜ್ಞನು ಅವುಗಳನ್ನು ಪರೀಕ್ಷಿಸಿ, ಪ್ರಕೃತಿಶಾಸ್ತ್ರದಲ್ಲಿ ಆಸಕ್ತನಾಗಿದ್ದ ಫಾನ್ ಸ್ಟ್ರೂವೆ ಎಂಬ ರಷ್ಯದ ರಾಜತಂತ್ರಜ್ಞನ ಗೌರವಾರ್ಥವಾಗಿ ಸ್ಟ್ರೂವೈಟ್ ಎಂದು ಹೆಸರಿಟ್ಟನು. ಕಸದಿಂದ ಹುಟ್ಟಿದುದನ್ನು ಖನಿಜವೆನ್ನಬಹುದೇ? ಮನುಷ್ಯನ ಕೈವಾಡವಿಲ್ಲದೆ ಭೂಮಿಯಲ್ಲಿ ತಾನಾಗಿ ಹರಳುಗಟ್ಟಿದುದರಿಂದ ಅದು ಖನಿಜವೇ ಸರಿ.

ಮೂತ್ರದಲ್ಲಿರುವ ಯೂರಿಯಾವನ್ನು ಸೂಕ್ಷ್ಮಾಣುಗಳು ಒಡೆದಾಗ ಅಮೋನಿಯಾ ಉಂಟಾಗುತ್ತದೆ. (ದನದ ಹಟ್ಟಿಯ ಘಾಟು ಇದರದೇ.) ಅದು ಮಗ್ನೀಷಿಯಂ ಮತ್ತು ಫಾಸ್ಫೇಟುಗಳೊಡನೆ ಕೂಡಿ ಹರಳಾಗುತ್ತದೆ. ಆ ಹರಳಿನ ತೂಕದಲ್ಲಿ ನೂರಕ್ಕೆ ಸುಮಾರು 44 ಪಾಲು ನೀರೇ! ಉಗುರಿನಿಂದ ಗೀರಬಹುದಾದಷ್ಟು ಅದು ಮೆದು. ಒಣಗಾಳಿಯಲ್ಲಿಟ್ಟರೆ ನೀರನ್ನೂ ಅಮೋನಿಯಾವನ್ನೂ ಕಳೆದುಕೊಂಡು ಬೆಳ್ಳಗೆ ಮಸಕಾಗುತ್ತದೆ. ಆಸ್ಟ್ರೇಲಿಯದ ಸ್ಕಿಪ್ಟನ್ ಗುಹೆಯಲ್ಲಿ ಬಾವಲಿಗಳ ಹಿಕ್ಕೆಯ ನಡುವೆಯೂ ಇದು ಸಿಕ್ಕಿದೆ.

ಮಣ್ಣಿನಲ್ಲಿ ಇಷ್ಟು ವಿರಳವಾದ ಈ ಕಲ್ಲು ನಮ್ಮ ದೇಹದೊಳಗೂ ಬೆಳೆಯಬಲ್ಲದು. ಯೂರಿಯಾವನ್ನು ಒಡೆಯುವ ಸೂಕ್ಷ್ಮಾಣುಗಳು ಮೂತ್ರಮಾರ್ಗದಲ್ಲಿ ನೆಲೆಸಿದರೆ ಹಟ್ಟಿಯ ಮಣ್ಣಿನಲ್ಲಿ ನಡೆದುದೇ ಅಲ್ಲಿಯೂ ನಡೆಯುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಉರಿಮೂತ್ರವನ್ನು ನಾಚಿಕೆಯಿಂದ ತಾಯಿಗೂ ಹೇಳದೆ ಮುಚ್ಚಿಡುವ ಹುಡುಗಿಯರುಂಟು. ಇದು ಮುಚ್ಚಿಡತಕ್ಕ ಸಂಗತಿಯಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟ ಕಲ್ಲು, ಕೆಲವೊಮ್ಮೆ ಕೆಲವೇ ವಾರಗಳಲ್ಲಿ, ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡದ ಒಳಗನ್ನೆಲ್ಲ ತುಂಬಿಕೊಳ್ಳುತ್ತದೆ.