ಬಂದವರೆಷ್ಟು, ಸಿಕ್ಕವರೆಷ್ಟು, ಹೋದವರೆಷ್ಟು

ಮಗಳೇ, ತಿಂಗಳ ಮೀಟಿಂಗ್‌ನಲ್ಲಿ ನಿನ್ನನ್ನು ಎಬ್ಬಿಸಿ ನಿಲ್ಲಿಸಿ ಎರಡು ಅಂಕಿ ಕೇಳುತ್ತಾರೆ. ಸ್ತನ ಕ್ಯಾನ್ಸರ್ ಸ್ಕ್ರೀನಿಂಗ್ ಎಷ್ಟಾಯಿತು? ಅದರಲ್ಲಿ ಪತ್ತೆ ಎಷ್ಟು? ಮೊದಲನೆಯದು ಕಡಿಮೆ ಬಿದ್ದರೆ ಬೈಸಿಕೊಳ್ಳುತ್ತೀಯ. ಎರಡನೆಯದು ಸೊನ್ನೆಯಿದ್ದರೆ ಯಾರೂ ತಲೆ ಎತ್ತುವುದಿಲ್ಲ. ನೀನು ಬಿ.ಎಸ್‌ಸಿ. ನರ್ಸಿಂಗ್ ಓದಿ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಆಗಿ ಬಂದವಳು, ನಾನು ಕಿರಿಯ ಆರೋಗ್ಯ ಸಹಾಯಕಿ (ಎಎನ್‌ಎಂ) ಆಗಿ ಸೇರಿ ಹಿರಿಯ ಆರೋಗ್ಯ ಸಹಾಯಕಿ (ಎಲ್‌ಎಚ್‌ವಿ) ಆಗಿ ರಿಟೈರ್ ಆದವಳು. ಓದಿನಲ್ಲಿ ನೀನೇ ಮುಂದೆ. ಆದರೂ ರಿಜಿಸ್ಟರು ಬರೆದು ಬರೆದು ಬೆರಳು ಸವೆಸಿದವಳ ಮಾತು ಅಂತ ಸ್ವಲ್ಪ ಕೇಳು.

30 ದಾಟಿದ ಹೆಂಗಸರನ್ನೆಲ್ಲ 65ರವರೆಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಬಂದದ್ದು 2016ರಲ್ಲಿ. ಆಮೇಲೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 30ರಿಂದ 49ರ ಹೆಂಗಸರನ್ನು ಒಂದು ಸಲವಾದರೂ ಸ್ತನ ಪರೀಕ್ಷೆ ಆಗಿದೆಯಾ ಅಂತ ಕೇಳಿದರು. ಹೌದು ಅಂದವರು ದೇಶದಲ್ಲಿ 100ಕ್ಕೆ 0.9. ಕೊರೊನಾ ಅಡ್ಡ ಬಂದಿತ್ತು, ಒಪ್ಪೋಣ. ಆದರೂ ನೂರಕ್ಕೆ ಒಬ್ಬಳೂ ಇಲ್ಲ! ನಮ್ಮ ಕಡೆ ಆಗುವುದೇನು ಅಂದರೆ, ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಫಾರಂ ತುಂಬುತ್ತಾಳೆ. ಎದೆಯಲ್ಲಿ ಗಂಟಿದೆಯಾ, ತೊಟ್ಟಿನಿಂದ ರಕ್ತ ಬರುತ್ತಾ, ಆಕಾರ ಬದಲಾಗಿದೆಯಾ ಅಂತ ಅದರಲ್ಲಿ ಪ್ರಶ್ನೆಗಳಿವೆ. ಜಗಲಿ ಮೇಲೆ ಮಾವ ಕೂತಿರುತ್ತಾನೆ. ಸೊಸೆ ಬಾಗಿಲಲ್ಲೇ ನಿಂತು "ಇಲ್ಲ ಇಲ್ಲ" ಅಂದು ಒಳಗೆ ಹೋಗುತ್ತಾಳೆ. ಈ "ಇಲ್ಲ"ವನ್ನು ನೀನು ಪರೀಕ್ಷೆ ಅಂತ ಎಣಿಸಬೇಡ. ಫಾರಂ ತುಂಬಿದ್ದು ಒಂದು ಕಾಲಂ, ಕೈಯಿಟ್ಟು ನೋಡಿದ್ದು ಇನ್ನೊಂದು ಕಾಲಂ. ಪೋರ್ಟಲ್‌ನಲ್ಲಿ ಏನು ಕೇಳುತ್ತಾರೋ ಕೇಳಲಿ, ನಿನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಎರಡನ್ನೂ ಬೇರೆ ಮಾಡಿಟ್ಟುಕೋ.

ಕೈಯಿಟ್ಟು ನೋಡುವುದಕ್ಕೆ ಹೊತ್ತು ಬೇಕು ಕಣಮ್ಮ. ಮೊದಲು ಕೂರಿಸಿ, ಕೈ ಎತ್ತಿಸಿ ನೋಡಬೇಕು: ಎಲ್ಲಾದರೂ ಚರ್ಮ ಒಳಕ್ಕೆ ಎಳೆದಂತಿದೆಯಾ, ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಆಗಿದೆಯಾ, ತೊಟ್ಟು ಒಳಗೆ ಹೋಗಿದೆಯಾ. ಮೊದಲಿಂದಲೂ ಹೀಗೇ ಇತ್ತಾ ಅಂತ ಅವಳನ್ನೇ ಕೇಳು. ಆಮೇಲೆ ಮಲಗಿಸಿ, ನಡುವಿನ ಮೂರು ಬೆರಳ ಮೆತ್ತನೆ ಭಾಗದಿಂದ, ತುದಿಯಿಂದಲ್ಲ, ಕತ್ತಿನ ಕೆಳಗಿನ ಮೂಳೆಯಿಂದ ಎದೆಯ ಕೆಳಗೆರೆವರೆಗೆ ಸಾಲು ಸಾಲಾಗಿ ಹೋಗಬೇಕು. ಪ್ರತಿ ಜಾಗದಲ್ಲೂ ಮೊದಲು ಹಗುರ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ಪಕ್ಕೆಲುಬು ಸಿಗುವಷ್ಟು ಒತ್ತಿ. ಕಂಕುಳು ಬಿಡಬಾರದು. ಎರಡೂ ಕಡೆ ಸರಿಯಾಗಿ ನೋಡಿ, ಬ್ಲೌಸ್ ಹಾಕಿಸಿ, ಎರಡು ಮಾತಾಡಿ ಕಳಿಸುವಷ್ಟರಲ್ಲಿ ಎಂಟು ನಿಮಿಷ. ಮೂವತ್ತು ಜನಕ್ಕೆ ನಾಲ್ಕು ಗಂಟೆ. ಒಂದೇ ಕ್ಯಾಂಪಿನಲ್ಲಿ ಒಬ್ಬಳೇ ಕೂತು ನೂರಿಪ್ಪತ್ತು ಜನರನ್ನು ನೋಡಿದೆ ಅಂತ ಯಾರಾದರೂ ಬರೆದರೆ ಲೆಕ್ಕ ನೀನೇ ಹಾಕಿಕೋ. ಒಂದು ಪರದೆ, ಒಳಗಿಂದ ಚಿಲಕ ಹಾಕುವ ಬಾಗಿಲು, ಬಿಸಿನೀರಿನಲ್ಲಿ ತೊಳೆದ ಕೈ, ಇಷ್ಟಿಲ್ಲದೆ ಕ್ಯಾಂಪ್ ಮಾಡಲು ಒಪ್ಪಬೇಡ. ಶಾಲೆಯ ವರಾಂಡದಲ್ಲಿ ಬಿಪಿ ನೋಡಬಹುದು, ಇದನ್ನಲ್ಲ.

ಇನ್ನು ಬರುವವರು ಯಾರು ಅಂತ ನೋಡು. ಚುಚ್ಚುಮದ್ದಿಗೆ ಮಗು ಎತ್ತಿಕೊಂಡು ಬರುವ ಮೂವತ್ತು ಮೂವತ್ತೈದರ ತಾಯಂದಿರು ಸುಲಭವಾಗಿ ಸಿಗುತ್ತಾರೆ, ಟಾರ್ಗೆಟ್ಟೂ ಅಲ್ಲೇ ತುಂಬಿಬಿಡುತ್ತದೆ. ಐವತ್ತು ದಾಟಿದವರು ಬರುವುದಿಲ್ಲ. "ನಂಗೇನು ಇನ್ನ, ಹಾಲು ಕುಡ್ಸೋ ಕಾಲ ಮುಗೀತು" ಅಂತ ನಗುತ್ತಾರೆ. ಆದರೆ ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಿಂದ ಕೊಳೆಗೇರಿಗಳಲ್ಲಿ 35ರಿಂದ 64ರ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ಹಿಂಬಾಲಿಸಿದರಲ್ಲ, ಅದರ ಫಲ 2021ರಲ್ಲಿ ಅಚ್ಚಾಯಿತು. ಅಲ್ಲಿ ಎದೆ ಪರೀಕ್ಷೆ ಮಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು, ನಮ್ಮಂಥವರೇ. ಎರಡು ವರ್ಷಕ್ಕೊಮ್ಮೆ ಕೈಯಿಂದ ನೋಡಿದ ಗುಂಪಿನಲ್ಲಿ, 50 ದಾಟಿದವರ ಪೈಕಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇಕಡ 30 ಕಡಿಮೆ. 50ರ ಒಳಗಿನವರಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಮ್ಯಾಮೊಗ್ರಫಿ ಇಲ್ಲ, ಮಷಿನ್ ಇಲ್ಲ, ಬರೀ ಕೈ! ಅಂದ ಮೇಲೆ ನಿನ್ನ ಕೈ ಮೊದಲು ಹೋಗಬೇಕಾದ್ದು ಆ ನಗುವ ಅಜ್ಜಿಯರ ಹತ್ತಿರ. ಕಿರಿಯರನ್ನು ಬಿಡು ಅಂತಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಅಜ್ಜಿಯರು ಸಿಗುವುದು ಬೆಳಗ್ಗೆ ಹಾಲಿನ ಡೈರಿ ಹತ್ತಿರ, ಸಂಜೆ ಸ್ತ್ರೀಶಕ್ತಿ ಸಂಘದ ಕಂತು ಕಟ್ಟುವಾಗ. ಹತ್ತು ಗಂಟೆಗೆ ಕ್ಯಾಂಪಿಟ್ಟರೆ ಅವರು ಹೊಲದಲ್ಲಿರುತ್ತಾರೆ.

ಬಾರದಿರುವುದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಡ. ಇಂಗ್ಲೆಂಡಿನಲ್ಲಿ 1988ರಿಂದ ಕಾರ್ಯಕ್ರಮ ನಡೆಯುತ್ತಿದೆ. 50 ತುಂಬಿದ ಮೇಲೆ ಮನೆಗೇ ಕಾಗದ ಬರುತ್ತದೆ, 71 ತುಂಬುವವರೆಗೆ ಮೂರು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ. ಕರೆದವರಲ್ಲಿ 100ಕ್ಕೆ 70 ಜನ ಬರಬೇಕೆಂಬುದು ಅವರ ಕನಿಷ್ಠ ಗುರಿ, ಅದನ್ನು ಮುಟ್ಟುವುದಕ್ಕೇ ಒದ್ದಾಡುತ್ತಾರೆ. ಅಲ್ಲಿ ನೆಲೆಸಿದ ನಮ್ಮ ಕಡೆಯ ಹೆಣ್ಣುಮಕ್ಕಳೇ ಬಿಳಿಯರಿಗಿಂತ ಕಡಿಮೆ ಬರುವುದಂತೆ. ಬಂದ 100 ಜನರಲ್ಲಿ ಸುಮಾರು ನಾಲ್ವರನ್ನು ಮತ್ತೆ ಕರೆಸಿ ನೋಡುತ್ತಾರೆ, ಆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ.

ಈ ನೂರಕ್ಕೆ ಒಂದನ್ನು ನಮ್ಮ ಉಪಕೇಂದ್ರದಲ್ಲಿ ಹುಡುಕಲು ಹೋಗಬೇಡ. ಅವರದು ವಯಸ್ಸಾದವರೇ ತುಂಬಿದ ಪಟ್ಟಿ, ಎಕ್ಸ್‌ರೇ ಕಣ್ಣು, ಕಾಯಿಲೆಯೂ ಅಲ್ಲಿ ಹೆಚ್ಚು. ನಮ್ಮ ಲೆಕ್ಕ ಹೀಗೆ: 2022ರಲ್ಲಿ ದೇಶದಲ್ಲಿ ಸುಮಾರು 1,92,000 ಹೊಸ ಸ್ತನ ಕ್ಯಾನ್ಸರ್ ಅಂತ ಅಂತರರಾಷ್ಟ್ರೀಯ ಅಂದಾಜು. ಹೆಂಗಸರು ಹತ್ತಿರ ಹತ್ತಿರ 70 ಕೋಟಿ. ನಿನ್ನ 5,000 ಜನಸಂಖ್ಯೆಯಲ್ಲಿ 2,500 ಹೆಂಗಸರು ಅಂತಿಟ್ಟುಕೋ, ಮೂರು ವರ್ಷಕ್ಕೆ ಇಬ್ಬರಿಗೆ ಈ ಕಾಯಿಲೆ ಬರುತ್ತದೆ. ಹಳ್ಳಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಒಂದು ವರ್ಷ ಪತ್ತೆ ಸೊನ್ನೆಯಾದರೆ ನಿನ್ನ ಕೆಲಸ ಕೆಟ್ಟಿತು ಅಂತಲ್ಲ, ಎರಡಾದರೆ ನೀನು ಶೂರೆ ಅಂತಲೂ ಅಲ್ಲ. ಮೀಟಿಂಗ್‌ನಲ್ಲಿ ಪತ್ತೆ ಯಾಕಿಲ್ಲ ಅಂತ ಎಂದಾದರೂ ಕೇಳಿದರೆ ಈ ಲೆಕ್ಕ ಹೇಳು. (ಪತ್ತೆ ಹೆಚ್ಚಿದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಅದೇ ಇಂಗ್ಲೆಂಡಿನಲ್ಲಿ 2012ರಲ್ಲಿ ತಜ್ಞರ ಸಮಿತಿ ಕೂತು ನೋಡಿದಾಗ, ಒಂದು ಜೀವ ಉಳಿದರೆ ಮೂವರಿಗೆ ಎಂದೂ ತೊಂದರೆ ಕೊಡದಿದ್ದ ಗಂಟಿಗೆ ಚಿಕಿತ್ಸೆ ಆಗುತ್ತಿತ್ತು. ಅದು ಮಷಿನ್ನಿನ ಕಷ್ಟ, ನಮ್ಮದು ಬೇರೆ.)

ನೀನು ಹೆದರಬೇಕಾದ ಸೊನ್ನೆ ಬೇರೆಯೇ ಇದೆ. ಐನೂರು ಜನರನ್ನು ನೋಡಿದೆ, ಅನುಮಾನದ ಗಂಟು ಒಂದೂ ಇಲ್ಲ ಅಂತ ರಿಜಿಸ್ಟರಿನಲ್ಲಿದ್ದರೆ, ಅಲ್ಲಿ ಕೈ ಒಳಗೆ ಹೋಗಿಲ್ಲ ಅಂತ ತಿಳಿ. ಕ್ಯಾನ್ಸರ್ ಅಲ್ಲದ ಗಂಟುಗಳೇ ಎಷ್ಟೊಂದಿರುತ್ತವೆ! ಫಿಲಿಪ್ಪೀನ್ಸಿನ ಮನಿಲಾದಲ್ಲಿ 1990ರ ದಶಕದಲ್ಲಿ ದಾದಿಯರಿಂದ ಹೀಗೇ ಕೈ ಪರೀಕ್ಷೆ ಮಾಡಿಸಿದರು. ಕೇಳಿದವರಲ್ಲಿ 100ಕ್ಕೆ 92 ಜನ ಒಪ್ಪಿದರು. ಸುಮಾರು 1,38,000 ಜನರನ್ನು ನೋಡಿ 3,479 ಮಂದಿಯಲ್ಲಿ ಗಂಟು ಗುರುತಿಸಿದರು, ನೂರಕ್ಕೆ ಎರಡೂವರೆ. ಹಾಜರಿ ಅಂದರೆ ಹಾಜರಿ, ನಮ್ಮ ಸಾಹೇಬರು ಕಂಡಿದ್ದರೆ ಶಾಲು ಹೊದಿಸುತ್ತಿದ್ದರು. ಮುಂದಿನ ಪರೀಕ್ಷೆಗೆ ಹೋದವರು ಮಾತ್ರ 100ಕ್ಕೆ 35. ಮನೆಗೇ ಹೋಗಿ ಕರೆದರೂ 100ಕ್ಕೆ ನಲವತ್ತಕ್ಕಿಂತ ಹೆಚ್ಚು ಜನ "ಬರುವುದಿಲ್ಲ" ಅಂದುಬಿಟ್ಟರು. ಒಂದು ಸುತ್ತಿಗೇ ಆ ಕೆಲಸ ನಿಂತಿತು.

ಅದಕ್ಕೇ ಹೇಳುವುದು, ಬಂದವರು ಎಷ್ಟು, ಸಿಕ್ಕವರು ಎಷ್ಟು ಎಂಬೆರಡರ ನಡುವೆ ಕಳಿಸಿದವರಲ್ಲಿ ಹೋಗಿ ಮುಟ್ಟಿದವರು ಎಷ್ಟು ಅಂತ ಒಂದಿದೆ. ಅದನ್ನು ಯಾರೂ ಕೇಳುವುದಿಲ್ಲ, ನೀನೇ ಇಟ್ಟುಕೊಳ್ಳಬೇಕು. ರೆಫರಲ್ ಚೀಟಿ ಬರೆದ ಕೂಡಲೇ ಕೆಲಸ ಮುಗಿಯಿತು ಅಂದುಕೊಂಡರೆ ಆ ಚೀಟಿ ದೇವರ ಫೋಟೋ ಹಿಂದೆ ಸೇರುತ್ತದೆ. ನನ್ನ ಕಾಲದಲ್ಲಿ ರೇಷ್ಮೆ ಮನೆಯಾಕೆ ಒಬ್ಬಳಿಗೆ ಎಡಗಡೆ ನೋವಿಲ್ಲದ ಗಟ್ಟಿ ಗಂಟು ಸಿಕ್ಕಿತು. "ಹುಳ ನಾಕ್ನೇ ಜ್ವರದಲ್ಲವೆ ಸಿಸ್ಟರ್, ಸೊಪ್ಪು ಕೊಡೋರ್ಯಾರು" ಅಂದಳು. ಅವಳು ಹೇಳಿದ್ದು ನೆಪವಲ್ಲ, ಮನೆಯ ಲೆಕ್ಕ. ಜ್ವರ ಅಂದರೆ ಹುಳು ಪೊರೆ ಬಿಡುವ ನಿದ್ದೆ. ಜ್ವರ ಎದ್ದ ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಏರಲು ವಾರವೋ ಎಂಟು ದಿನವೋ, ಗೂಡು ಬಿಡಿಸಿ ಮಾರಲು ಇನ್ನೈದಾರು ದಿನ. ಗೂಡಿನ ದುಡ್ಡು ಕೈಗೆ ಬಂದ ಮಾರನೇ ದಿನಕ್ಕೇ ತಾರೀಕು ಬರೆದುಕೊಂಡು, ಆ ದಿನ ಬೆಳಗ್ಗೆ ಅವಳ ಬಾಗಿಲಿಗೇ ಹೋದೆ, ಬಂದಳು. ಈಗ ನಿಮಗೆ ಒಂದು ಅನುಕೂಲವಿದೆ, 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಜೊತೆಗೆ ಬರುವ ಗಂಡನಿಗಿದೆ, ಅವನ ಒಂದು ದಿನದ ಕೂಲಿಯೂ ಹೋಗುತ್ತದೆ. ಹೆಣ್ಣುಮಕ್ಕಳನ್ನೇ ಜೊತೆ ಮಾಡಿ ಕಳಿಸು, ಸಾಧ್ಯವಾದರೆ ಆಶಾಳನ್ನೇ. ಜಿಲ್ಲಾಸ್ಪತ್ರೆಯಲ್ಲಿ ಸರ್ಜನ್ ಯಾವ ದಿನ ಕೂರುತ್ತಾರೆ, ಸ್ಕ್ಯಾನಿಂಗ್ ಯಾವಾಗ, ಸೂಜಿ ಪರೀಕ್ಷೆ ಅಲ್ಲೇ ಆಗುತ್ತಾ ಇಲ್ಲ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಕಳಿಸುತ್ತಾರಾ ಅಂತ ಮೊದಲೇ ಫೋನ್ ಮಾಡಿ ತಿಳಿದುಕೋ. ಒಂದು ಸಲ "ನಾಳೆ ಬನ್ನಿ" ಅನ್ನಿಸಿಕೊಂಡು ವಾಪಸು ಬಂದವಳು ಎರಡನೇ ಸಲ ಹೊರಡುವುದಿಲ್ಲ.

ಅವಳ ಹತ್ತಿರ ಮಾತಾಡುವಾಗ ಮುಖ ಬಾಡಿಸಿಕೊಳ್ಳಬೇಡ. ಗಂಟು ಸಿಕ್ಕಿದೆ, ಇಂಥವು ಬಹಳ ಪಾಲು ಕ್ಯಾನ್ಸರ್ ಅಲ್ಲ, ಅಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಕೈಯಿಂದ ಆಗದು, ಹೌದೇ ಆಗಿದ್ದರೂ ಈಗ ಚಿಕ್ಕದಿದೆ ಅಂತ ಇದ್ದದ್ದು ಇದ್ದಂಗೆ ಹೇಳು. ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ಯಾರೋ ಹೇಳಿರುತ್ತಾರೆ, ಕೇಳುವ ಮುಂಚೆಯೇ ಅದು ಸುಳ್ಳು ಅನ್ನು. ಗಂಟಿಲ್ಲದವಳನ್ನು ಕಳಿಸುವಾಗಲೂ ಐದು ವರ್ಷ ಬಿಟ್ಟು ಬಾ ಅನ್ನಬೇಡ. ನಡುವೆ ಏನಾದರೂ ಬದಲಾದರೆ ಕ್ಯಾಂಪ್ ಕಾಯದೆ ನೇರ ನಿನ್ನ ಹತ್ತಿರ ಬರಲಿ. ನಿಮ್ಮದು ಗುತ್ತಿಗೆ ಕೆಲಸ, ಎಲ್ಲಿಗೆ ಯಾವಾಗ ಹೋಗುತ್ತೀಯೋ ಗೊತ್ತಿಲ್ಲ. ಹೋಗುವಾಗ ಆ ನೋಟ್‌ಬುಕ್ಕನ್ನು ಸೂಟ್‌ಕೇಸಿಗೆ ಹಾಕಿಕೊಳ್ಳದೆ, ಇನ್ನೂ ಹೋಗಿ ಮುಟ್ಟದವರ ಹೆಸರಿಗೆ ಕೆಂಪು ಗುರುತು ಹಾಕಿ, ಆಶಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಓದಿ ಹೇಳಿ, ಅವಳ ಕೈಗೇ ಕೊಟ್ಟು ಹೋಗು.